ಎಂಟು ಹತ್ತರ ಗಾಡಿ

ಮೆಟ್ರೋ ಓಡಿಸುವ ಆ ಮನುಷ್ಯನಿಗೆ ಡಿಪೋದವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಮನೆಯಲ್ಲಿ ಹೆಂಡತಿ ನಾಲ್ಕು ಮಾತು ಕೇಳಿದರೆ ಒಂದಕ್ಕೆ ಹೂಂ ಎನ್ನುವ ಆಸಾಮಿ. ಆದರೆ ಬೆಳಗಿನ ಪಾಳಿಗೆ ಹೋಗಿ, ಗಾಡಿಯ ಮೂತಿಯಲ್ಲಿರುವ ತನ್ನ ಪುಟ್ಟ ಕೋಣೆಯ ಬಾಗಿಲು ಹಾಕಿಕೊಂಡು ಮೈಕು ಹಿಡಿದನೆಂದರೆ ಬೇರೆಯೇ ಮನುಷ್ಯ.

“ಮೂರನೇ ಬೋಗಿಯವರಿಗೆ ನಮಸ್ಕಾರ. ಇನ್ನೂ ಇಬ್ಬರಿಗೆ ಜಾಗ ಇದೆ ಅಂತ ಹೊರಗಿನವರು ಹೇಳ್ತಿದಾರೆ, ಇಲ್ಲ ಅಂತ ಒಳಗಿನವರು ಹೇಳ್ತಿದಾರೆ. ತೀರ್ಪು ಬಾಗಿಲಿಗೆ ಬಿಟ್ಟಿದೀನಿ.”

“ಬೆನ್ನಿಗೆ ಚೀಲ ಹಾಕಿರೋರು ಇಳಿಸಿ ಕಾಲ ಹತ್ರ ಇಟ್ಕೊಳ್ಳಿ. ನಿಮ್ಮ ಚೀಲ ಟಿಕೆಟ್ ತಗೊಂಡಿಲ್ಲ, ಆದ್ರೂ ಒಬ್ಬರ ಜಾಗದಲ್ಲಿ ನಿಂತಿದೆ.”

“ಹಿಂದಿನ ಗಾಡಿ ಎರಡೇ ನಿಮಿಷದಲ್ಲಿ ಬರುತ್ತೆ. ಅದರಲ್ಲೂ ಇಷ್ಟೇ ಜನ. ಆದ್ರೆ ಆ ಡ್ರೈವರು ನನಗಿಂತ ಲಕ್ಷಣವಾಗಿದಾನೆ, ಕಾದರೆ ನಷ್ಟ ಇಲ್ಲ.”

ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ನಾಟಿಕೊಂಡು, ಮುಖ ಗಂಟು ಹಾಕಿ ನಿಂತವರು ಇದನ್ನು ಕೇಳಿ ನಗುತ್ತಿದ್ದರು. ನಕ್ಕಾಗ ಮೈ ಸಡಿಲವಾಗಿ ಒಂದೊಂದು ಹೆಜ್ಜೆ ಒಳಕ್ಕೆ ಸರಿಯುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು. ಗಾಡಿ ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದರಿಂದ ಮೇಲಿನವರು ಇದನ್ನು ಕಂಡೂ ಕಾಣದಂತೆ ಇದ್ದರು.

ಅವನು ಯಾಕೆ ಮಾತಾಡುತ್ತಾನೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ, ಕತ್ತಲ ಸುರಂಗದಿಂದ ಅವನ ಗಾಡಿ ಬೆಳಕಿನ ಪ್ಲಾಟ್‌ಫಾರ್ಮಿಗೆ ನುಗ್ಗುವಾಗ ಅಂಚಿನಲ್ಲಿ ನಿಂತಿದ್ದ ಒಬ್ಬ ಕಾಲು ಜಾರಿ ಹಳಿಗೆ ಬಿದ್ದಿದ್ದ. ಬ್ರೇಕು ಹಾಕಿದ್ದೂ ಗಾಡಿ ನಿಂತಿದ್ದೂ ರೇಡಿಯೋಗೆ ನೆನಪಿಲ್ಲ. ಗಾಡಿಗೂ ಆ ಮನುಷ್ಯನಿಗೂ ಮೂರು ಮಾರು ಅಂತರವಿತ್ತು. ಹಳಿಯ ಮೇಲಿಂದ ಎತ್ತಿದರೆ, ಅವನು ಪ್ಯಾಂಟಿನ ಧೂಳು ಕೊಡವಿಕೊಂಡು ಅದೇ ಗಾಡಿ ಹತ್ತಿ ಕೆಲಸಕ್ಕೆ ಹೋದ. ಯಾರಿಗೂ ಏನೂ ಆಗಲಿಲ್ಲ ಎಂದು ವರದಿಯಾಯಿತು. ಅಂದಿನಿಂದ ಪ್ರತಿ ಪ್ಲಾಟ್‌ಫಾರ್ಮು ಎದುರಾದಾಗಲೂ ರೇಡಿಯೋನ ಹೊಟ್ಟೆಯೊಳಗೆ ಒಂದು ಮುಷ್ಟಿ ಬಿಗಿಯುತ್ತಿತ್ತು. ದಿನಕ್ಕೆ ನೂರೆಂಟು ಪ್ಲಾಟ್‌ಫಾರ್ಮು. ಹೇಳಿಕೊಂಡರೆ ಗಾಡಿಯಿಂದ ಇಳಿಸಿ ಕಾಗದ ವಿಂಗಡಿಸಲು ಕೂರಿಸುತ್ತಾರೆಂಬ ಹೆದರಿಕೆಗೆ ಅವನು ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಗಾಡಿಯ ರೆಕಾರ್ಡಿನ ದನಿ ಕೆಟ್ಟು, ನಿಲ್ದಾಣಗಳ ಹೆಸರನ್ನು ಅವನೇ ಕೂಗಬೇಕಾಗಿ ಬಂತು. ಹೆಸರಿನ ಜೊತೆಗೆ ಎರಡು ತಮಾಷೆಯ ಮಾತು ಸೇರಿದವು. ಮಾತಾಡುತ್ತಿದ್ದಷ್ಟು ಹೊತ್ತು ಹೊಟ್ಟೆ ಬಿಗಿಯಲಿಲ್ಲ. ಆಮೇಲೆ ರೆಕಾರ್ಡಿನ ದನಿ ಸರಿಹೋಯಿತು, ಇವನು ಮಾತು ನಿಲ್ಲಿಸಲಿಲ್ಲ.

ಏಳನೆಯ ನಿಲ್ದಾಣದಲ್ಲಿ ದಿನವೂ ಒಬ್ಬಳು ಹೆಂಗಸು ಬರುತ್ತಿದ್ದಳು. ನಲವತ್ತರ ಆಸುಪಾಸು, ಕೈಯಲ್ಲಿ ಬಿಸಿಲಿಗೂ ಮಳೆಗೂ ಅದೇ ಒಂದು ಹಸಿರು ಕೊಡೆ. ಬಾಗಿಲು ಮುಚ್ಚತೊಡಗಿದಾಗಲೇ ಮೆಟ್ಟಿಲಿಳಿದು ಓಡಿ ಬಂದು, ಸಂದಿಯಲ್ಲಿ ಕೊಡೆ ತೂರಿಸುತ್ತಿದ್ದಳು. ಬಾಗಿಲು ಮತ್ತೆ ತೆರೆದುಕೊಳ್ಳುತ್ತಿತ್ತು. ಒಂದು ಸೋಮವಾರ, ಜನ ಉಸಿರಾಡಲೂ ಜಾಗವಿಲ್ಲದಂತೆ ತುಂಬಿದ್ದಾಗ ಇವಳ ಕೊಡೆ ಕಂಡಿತು. ರೇಡಿಯೋ ಮೈಕು ತೆಗೆದುಕೊಂಡ.

“ಬನ್ನಿ ಹಸಿರು ಕೊಡೆ ಅಕ್ಕಾವ್ರೇ, ಬನ್ನಿ. ನಿಲ್ದಾಣದ ಗಡಿಯಾರ ಕೆಟ್ಟರೂ ಚಿಂತೆ ಇಲ್ಲ, ಬಾಗಿಲಲ್ಲಿ ನಿಮ್ಮ ಕೊಡೆ ಕಂಡ್ರೆ ಎಂಟು ಹತ್ತು ಅಂತ ಅರ್ಥ. ಎರಡು ವರ್ಷದಿಂದ ಒಂದು ದಿನ ತಪ್ಪಿಲ್ಲ. ಎಲ್ಲರೂ ವಾಚು ಸರಿ ಮಾಡ್ಕೊಳ್ಳಿ.”

ಇಡೀ ಗಾಡಿ ಗೊಳ್ಳೆಂದಿತು. ಅವಳೂ ಕೊಡೆಯಿಂದ ಮುಖ ಮರೆಮಾಡಿಕೊಂಡು ನಕ್ಕಿದ್ದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದರು. ಸಂಜೆಯ ಹೊತ್ತಿಗೆ ಲಕ್ಷ ಜನ ನೋಡಿದ್ದರು, ಮಾರನೆಯ ದಿನಕ್ಕೆ ಲೆಕ್ಕ ತಪ್ಪಿತು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ರೇಡಿಯೋನ ಹೆಂಡತಿ ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿದಳಂತೆ. ಅವನೂ ಒಂದೆರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಬುಧವಾರ ಎಂಟು ಹತ್ತಕ್ಕೆ ಕೊಡೆ ಬರಲಿಲ್ಲ.

ಜ್ವರ ಬಂದಿರಬಹುದು ಎಂದುಕೊಂಡ. ಗುರುವಾರ ಬಾಗಿಲು ಮುಚ್ಚುವ ಮುನ್ನ ಕಿಟಕಿಯಿಂದ ಕತ್ತು ಹೊರಹಾಕಿ ಮೆಟ್ಟಿಲ ಕಡೆ ನೋಡಿದ. ಯಾರೂ ಓಡಿ ಬರುತ್ತಿರಲಿಲ್ಲ. ಆ ಮಧ್ಯಾಹ್ನ ವಿರಾಮದಲ್ಲಿ ಫೋನು ತೆಗೆದು, ವಿಡಿಯೋದ ಕೆಳಗೆ ಜನ ಬರೆದದ್ದನ್ನು ಮೊದಲ ಸಲ ಪೂರ್ತಿ ಓದಿದ. ಅರ್ಧದಷ್ಟು ಮಂದಿ ನಕ್ಕಿದ್ದರು. ಉಳಿದವರು ಅವಳನ್ನು ಬೈದಿದ್ದರು. ಇಂಥವರಿಂದಲೇ ನಮಗೆಲ್ಲ ತಡ ಆಗೋದು ಎಂದು ಒಬ್ಬ, ಐದು ನಿಮಿಷ ಮುಂಚೆ ಏಳೋಕೇನು ದಾಡಿ ಎಂದು ಇನ್ನೊಬ್ಬ. ಅವಳ ಸೀರೆಯ ಬಗ್ಗೆ, ಓಟದ ಬಗ್ಗೆ, ಮೈಯ ಬಗ್ಗೆ ಬರೆದಿದ್ದನ್ನು ಓದುತ್ತಾ ಅವನ ಕಿವಿ ಬಿಸಿಯಾಯಿತು. ಇದ್ಯಾವುದನ್ನೂ ತಾನು ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಸಮಾಧಾನ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಂಟ್ರೋಲ್ ರೂಮಿನಿಂದ ಎಲ್ಲ ಗಾಡಿಗಳಿಗೂ ಸುದ್ದಿ ಬಂತು. ಇನ್ನೊಂದು ಮಾರ್ಗದಲ್ಲಿ ಒಬ್ಬಳು ಹಳಿಯ ಮೇಲೆ ಬಿದ್ದಿದ್ದಾಳೆ, ಆ ಕಡೆಯ ಗಾಡಿಗಳು ತಡವಾಗುತ್ತವೆ.  ಕೊಡೆಯವಳೇ ಎಂದು ರೇಡಿಯೋನ ಮನಸ್ಸು ಒಮ್ಮೆಗೇ ತೀರ್ಮಾನ ಮಾಡಿಬಿಟ್ಟಿತು. ಪಾಳಿ ಮುಗಿಯುವ ತನಕ ಹೇಗೆ ಗಾಡಿ ಓಡಿಸಿದನೋ ಅವನಿಗೇ ತಿಳಿಯದು. ಡಿಪೋಗೆ ಬಂದವನು ಆ ಮಾರ್ಗದ ಚಾಲಕನೊಬ್ಬನನ್ನು ಹಿಡಿದುಕೊಂಡು ಕೇಳಿದ.

“ಅವಳ ಕೈಯಲ್ಲಿ ಕೊಡೆ ಇತ್ತಾ?”

ಆ ಚಾಲಕ ಇವನ ಮುಖವನ್ನೇ ನೋಡಿದ. ಬಿದ್ದವಳು ಕಾಲೇಜಿಗೆ ಹೋಗುವ ಹುಡುಗಿ, ತಲೆ ತಿರುಗಿ ಬಿದ್ದದ್ದು, ಕಾಲಿನ ಮೂಳೆ ಮುರಿದಿದೆ, ಜೀವಕ್ಕೇನೂ ಅಪಾಯವಿಲ್ಲ ಎಂದ. ರೇಡಿಯೋ ಅಬ್ಬಾ ಎಂದು ಬೆಂಚಿನ ಮೇಲೆ ಕುಸಿದ. ಯಾರ ಮನೆಯದೋ ಹುಡುಗಿಯ ಕಾಲು ಮುರಿದದ್ದಕ್ಕೆ ತನ್ನ ಎದೆ ಹಗುರವಾಯಿತಲ್ಲ ಎಂದು ಆಮೇಲೆ ಹೊಳೆದು, ಆ ರಾತ್ರಿ ಊಟ ಅರ್ಧಕ್ಕೆ ಬಿಟ್ಟು ಎದ್ದ. ಏನಾಯಿತೆಂದು ಹೆಂಡತಿ ಕೇಳಿದಳು. ಏನಿಲ್ಲ, ಸೆಖೆ ಎಂದ.

ಮರುದಿನದಿಂದ ಅವನ ಬಾಯಿಗೆ ಬೀಗ ಬಿತ್ತು. ಮೈಕು ಮುಟ್ಟಲು ಕೈ ಬರುತ್ತಿರಲಿಲ್ಲ. ಏನು ಹೇಳಿದರೆ ಯಾರಿಗೆ ಎಲ್ಲಿ ತಗಲುತ್ತದೋ ಯಾರು ಬಲ್ಲರು? ಮಾತು ನಿಂತ ಕೂಡಲೇ ಹೊಟ್ಟೆಯ ಮುಷ್ಟಿ ಮರಳಿ ಬಂತು, ಮೊದಲಿಗಿಂತ ಬಿಗಿಯಾಗಿ. ಹಳದಿ ಗೆರೆಯ ಮೇಲೆ ಫೋನು ನೋಡುತ್ತಾ ನಿಂತ ಪ್ರತಿಯೊಬ್ಬರೂ ಅವನ ಕಣ್ಣಿಗೆ ಈಗ ಬಿದ್ದಾರು, ಈಗ ಬಿದ್ದಾರು ಎಂಬಂತೆ ಕಾಣುತ್ತಿದ್ದರು. ಸೋಮವಾರ ಐದನೆಯ ನಿಲ್ದಾಣದಲ್ಲಿ ಮಗುವೊಂದು ಅಂಚಿನತ್ತ ಓಡಿದಂತಾಗಿ ಅವನು ಬ್ರೇಕು ಎರಡು ಸಲ ಹಿಡಿದು ಬಿಟ್ಟ, ಗಾಡಿ ನಿಲ್ಲಬೇಕಾದ ಗುರುತು ದಾಟಿ ಒಂದು ಬಾಗಿಲಿನಷ್ಟು ಮುಂದೆ ಹೋಗಿ ನಿಂತಿತು. ಕಂಟ್ರೋಲಿನ ಅಪ್ಪಣೆ ಪಡೆದು ಹಿಂದಕ್ಕೆ ತರುವಷ್ಟರಲ್ಲಿ ನಾಲ್ಕು ನಿಮಿಷ ಹೋಯಿತು. ಸಾವಿರ ಜನ ಮುಚ್ಚಿದ ಬಾಗಿಲ ಹಿಂದೆ ನಿಂತು, ಇವತ್ತು ಇವನು ಯಾಕೆ ಮಾತಾಡುತ್ತಿಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಹೆಸರಿಗೆ ಒಂದು ವರದಿ ಬಿತ್ತು.

ಏಳನೆಯ ನಿಲ್ದಾಣದಲ್ಲಿ ಸೀಟಿ ಊದಿ ಜನರನ್ನು ಹಿಂದೆ ಸರಿಸುವ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲಿ ಅವಳು ಸೀಟಿಯಮ್ಮ. ಆ ಮಧ್ಯಾಹ್ನ ರೇಡಿಯೋ ಅವಳ ಹತ್ತಿರ ಹೋಗಿ ನಿಂತ. ಕೇಳಲು ಬಂದದ್ದೇನೆಂದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

“ಅವಳು ಬರಲ್ಲ ಅಣ್ಣ,” ಎಂದಳು. “ಕೆಲಸ ಹೋಯ್ತು.”

ಹಸಿರು ಕೊಡೆಯವಳು ಎರಡು ನಿಲ್ದಾಣದಾಚೆಯ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ದುಪ್ಪಟಿ ಮಡಚುತ್ತಿದ್ದಳಂತೆ. ಕೆಲಸ ಶುರುವಾಗುವುದು ಎಂಟಕ್ಕೆ. ಅವಳು ತಲುಪುತ್ತಿದ್ದದ್ದು ಎಂಟೂ ಇಪ್ಪತ್ತಕ್ಕೆ. ಜೊತೆಯಲ್ಲಿ ಮಡಚುವ ದೊಡ್ಡಮ್ಮ ಅನ್ನುವ ವಯಸ್ಸಾದ ಹೆಂಗಸು ಹಾಜರಿ ಪುಸ್ತಕದಲ್ಲಿ ಇವಳದ್ದೂ ಸಹಿ ಹಾಕಿಬಿಡುತ್ತಿದ್ದಳು. ತಡವಾದಷ್ಟನ್ನು ಇವಳು ಊಟದ ಹೊತ್ತಿನಲ್ಲಿ ಮಡಚಿ ತೀರಿಸುತ್ತಿದ್ದಳು. ಯಾರಿಗೂ ತೊಂದರೆ ಇರಲಿಲ್ಲ. ವಿಡಿಯೋ ನೋಡುವ ತನಕ ಅಲ್ಲಿನ ಮೇಲ್ವಿಚಾರಕನಿಗೂ ಗೊತ್ತಿರಲಿಲ್ಲ. ಎಂಟು ಹತ್ತು, ಎರಡು ವರ್ಷದಿಂದ ಒಂದು ದಿನ ತಪ್ಪಿಲ್ಲ ಎಂದು ಅದರಲ್ಲಿ ಡ್ರೈವರೇ ಸಾಕ್ಷಿ ಹೇಳಿದ್ದ. ಇವಳನ್ನು ತೆಗೆದುಹಾಕಿದರು, ದೊಡ್ಡಮ್ಮನನ್ನು ಒಂದು ತಿಂಗಳು ಮನೆಯಲ್ಲಿ ಕೂರಿಸಿದರು.

ರೇಡಿಯೋ ಅವಳಿಂದ ಆ ಆಸ್ಪತ್ರೆಯ ದಾರಿ ಕೇಳಿಕೊಂಡ.

ರಜೆ ಇದ್ದ ಮಂಗಳವಾರ ಅವನು ಒಗೆದ ಅಂಗಿ ಹಾಕಿಕೊಂಡು ಆಸ್ಪತ್ರೆಯ ಹಿಂಭಾಗಕ್ಕೆ ಹೋದ. ಆಳೆತ್ತರದ ಯಂತ್ರಗಳು ಗಿರಗಿರನೆ ತಿರುಗುತ್ತಿದ್ದವು, ಹಬೆಗೆ ಕಿಟಕಿಯ ಗಾಜೆಲ್ಲ ಬೆಳ್ಳಗಾಗಿತ್ತು. ಉದ್ದ ಮೇಜಿನ ಎರಡೂ ಕಡೆ ಹೆಂಗಸರು ಎದುರುಬದುರು ನಿಂತು ದುಪ್ಪಟಿಯ ನಾಲ್ಕು ತುದಿ ಹಿಡಿದು, ಹತ್ತಿರ ಬಂದು, ದೂರ ಸರಿದು ಮಡಚುತ್ತಿದ್ದರು. ಮೂಲೆಯಲ್ಲಿ ಮಡಚದ ಬಟ್ಟೆಯ ಗುಡ್ಡೆ ಸೊಂಟದೆತ್ತರ ಬೆಳೆದಿತ್ತು. ಹೇಳಬೇಕಾದ ಸುಳ್ಳನ್ನು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಎಂಟು ಹತ್ತು ಅಂದದ್ದು ತಮಾಷೆಗೆ, ಅವಳು ಹತ್ತುವ ಗಾಡಿ ಏಳೂವರೆಯದು ಎಂದುಬಿಡಬೇಕು.

ಅವನು ಬಾಯಿ ತೆರೆದು ತಾನು ಯಾರೆಂದು ಹೇಳಿದ್ದೇ ತಡ, ದನಿಯ ಮೇಲೇ ಗುರುತು ಹಿಡಿದು ಮೇಲ್ವಿಚಾರಕನ ಮುಖ ಅರಳಿತು. ದಪ್ಪ ಕನ್ನಡಕದ, ಸಾಧು ಮುಖದ ಮನುಷ್ಯ. ನೀವೇನಾ ಎಂದು ಕೈ ಕುಲುಕಿ, ಕುರ್ಚಿ ಹಾಕಿಸಿ, ಯಂತ್ರವೊಂದನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಒಂದು ತಮಾಷೆ ಹೇಳಿಬಿಡಿ ಎಂದು ದುಂಬಾಲು ಬಿದ್ದ. ಹನ್ನೊಂದು ಮಂದಿ ಹೆಂಗಸರು ಮಡಚುವುದನ್ನು ಬಿಟ್ಟು ಇವನತ್ತ ತಿರುಗಿದರು. ಒಬ್ಬರೂ ನಗಲಿಲ್ಲ.  ರೇಡಿಯೋ ಜೋಡಿಸಿಕೊಂಡು ಬಂದ ಸುಳ್ಳು, ತಮಾಷೆ ಎರಡೂ ಬಾಯಿಗೆ ಬರಲಿಲ್ಲ.

“ಅವರನ್ನ ವಾಪಸ್ ತಗೊಳ್ಳಿ ಸಾರ್,” ಎಂದ. “ನಾನು ಗಾಡಿ ಮುಂದೆ ಹೋಗ್ಲಿ ಅಂತ ಏನೋ ಒಂದು ಅಂದೆ. ಅದು ಅವರ ಹೊಟ್ಟೆ ಮೇಲೆ ಹೊಡೆಯುತ್ತೆ ಅಂತ ಗೊತ್ತಿರಲಿಲ್ಲ.”

ಮೇಲ್ವಿಚಾರಕನ ನಗು ನಿಧಾನವಾಗಿ ಇಳಿಯಿತು. ಅವನು ಕನ್ನಡಕ ತೆಗೆದು ಹಬೆ ಒರೆಸಿಕೊಂಡ.

“ನೀವೂ ಗಡಿಯಾರ ನೋಡ್ಕೊಂಡು ಕೆಲಸ ಮಾಡೋರು. ನಾನು ದಿನಾ ಇಪ್ಪತ್ತು ನಿಮಿಷ ತಡವಾಗಿ ಬಂದ್ರೆ ನನಗೋಸ್ಕರ ಗಾಡಿ ನಿಲ್ಲಿಸ್ತೀರಾ? ತಡ ಆಗಿದ್ದಕ್ಕಲ್ಲ ತೆಗೆದಿದ್ದು. ಸುಳ್ಳು ಸಹಿಗೆ. ಅದು ನನ್ನ ಮೇಲಿನವರ ಕಣ್ಣಿಗೂ ಬಿತ್ತು.”

 ರೇಡಿಯೋ ಹೊರಗೆ ಬಂದಾಗ ಮಡಚುವವರಲ್ಲೊಬ್ಬಳು ಹಿಂದೆಯೇ ಬಂದು, ಕೊಡೆಯವಳ ಮನೆ ಎಲ್ಲಿದೆ ಎಂದು ಹೇಳಿ, ಬೇರೇನೂ ಮಾತಾಡದೆ ಒಳಗೆ ಹೋದಳು.

ಮನೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂದಿರುಗೋಣವೆಂದು ನಿಂತ. ಬಾಗಿಲು ತೆಗೆದವಳು ಅವಳೇ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವನು ಹೆಸರು ಹೇಳುವ ಮೊದಲೇ, ನಮಸ್ಕಾರ ಎಂದ ದನಿಗೇ ಅವಳ ಕೈ ಚಿಲಕದ ಮೇಲೆ ನಿಂತುಬಿಟ್ಟಿತು. ಆಮೇಲೆ, ಮೆಲ್ಲಗೆ ಮಾತಾಡಿ, ನಮ್ಮವರು ಮಲಗಿದ್ದಾರೆ ಎಂದು ಒಳಗೆ ಕರೆದಳು.

ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಯ ಜಾಗ. ಪರದೆಯ ಆಚೆ ರಾತ್ರಿ ಕಾವಲಿನ ಕೆಲಸ ಮುಗಿಸಿ ಬಂದ ಗಂಡ ಗೊರಕೆ ಹೊಡೆಯುತ್ತಿದ್ದ. ಕಿಟಕಿಯ ಬಳಿಯ ಮಂಚದಲ್ಲಿ ಅವಳ ಅತ್ತೆ ಕೂತಿದ್ದರು. ನೆನಪು ಪೂರ್ತಿ ಹೋದ ಜೀವ. ಎರಡೂವರೆ ವರ್ಷದ ಹಿಂದೆ ಒಬ್ಬರೇ ಇದ್ದಾಗ ಒಲೆ ಹಚ್ಚಿ ಬಿಟ್ಟು ಬೀದಿಗಿಳಿದಿದ್ದರಂತೆ. ಅಲ್ಲಿಂದ ಅವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವಂತಿರಲಿಲ್ಲ. ಗಂಡ ಮನೆ ಸೇರುವುದು ಏಳೂ ಐವತ್ತಕ್ಕೆ. ಅವನು ಒಳಗೆ ಕಾಲಿಟ್ಟ ಮೇಲೆ ಇವಳು ಹೊರಗೆ ಕಾಲಿಡಬೇಕು. ಇದನ್ನೆಲ್ಲ ಅವಳು ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು.

ಅತ್ತೆಯ ಕೈಯಲ್ಲಿ ಫೋನಿತ್ತು. ಅದರಿಂದ ರೇಡಿಯೋನ ದನಿಯೇ ಕೇಳಿಬಂತು, ಬನ್ನಿ ಹಸಿರು ಕೊಡೆ ಅಕ್ಕಾವ್ರೇ ಎಂದು. ಮುದುಕಿ ಬಾಯ್ತುಂಬ ನಕ್ಕು, ಯಾರೇ ಇವಳು, ಪಾಪ, ಹಿಂಗೆ ಓಡ್ತಾಳೆ ಎಂದು ಸೊಸೆಯನ್ನು ಕೇಳಿದರು. ಯಾರೋ ಅತ್ತೆ ಎಂದಳು ಸೊಸೆ. ಮುದುಕಿ ಮತ್ತೆ ಹಾಕಿಕೊಂಡರು.

“ದಿನಕ್ಕೆ ಮೂವತ್ತು ಸಲ ನೋಡ್ತಾರೆ,” ಎಂದಳು ಅವಳು. “ಪ್ರತಿ ಸಲ ಹೊಸದು ಅವರಿಗೆ. ಅಷ್ಟು ಹೊತ್ತು ಸುಮ್ನೆ ಕೂತಿರ್ತಾರೆ ಅಂತ ಬಿಟ್ಟಿದೀನಿ.”

ರೇಡಿಯೋ ತಪ್ಪಾಯಿತು ಎಂದ. ಇನ್ನೂ ಏನೇನೋ ಹೇಳಲು ಹೋಗಿ ತಡವರಿಸಿದ. ಅವಳು ಅವನಿಗೆ ನೀರು ತಂದುಕೊಟ್ಟು ಎದುರಿಗೆ ನೆಲದ ಮೇಲೆ ಕೂತಳು.

“ಅವತ್ತು ನಾನೂ ನಕ್ಕೆ ಅಣ್ಣ. ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಮಾತು ಕೇಳ್ಬಹುದು ಅಂತಾನೇ ಆ ಗಾಡಿ ಹತ್ತೋಕೆ ಖುಷಿ ಆಗ್ತಿತ್ತು. ಆದ್ರೆ ಎರಡು ವರ್ಷ ನೋಡಿದೀರಿ ನೀವು ನನ್ನ. ಓಡೋದು ನೋಡಿದ್ರಿ. ಇವಳು ಯಾಕೆ ಓಡ್ತಾಳೆ ಅಂತ ಒಂದು ದಿನಾನೂ ಅನ್ನಿಸ್ಲಿಲ್ವಾ?”

ಅವನು ಲೋಟ ಕೆಳಗಿಟ್ಟ. ಅನ್ನಿಸಿರಲಿಲ್ಲ. ದೂರದಲ್ಲಿ ಕೊಡೆ ಕಂಡಾಗ, ಇವಳು ಬಿದ್ದಾಳು ಎಂದೇ ಅವನಿಗೆ ಅನ್ನಿಸುತ್ತಿದ್ದದ್ದು. ಅದನ್ನು ನುಂಗಿಕೊಳ್ಳಲು ಬಾಯಿಗೆ ಬಂದದ್ದು ಆಡುತ್ತಿದ್ದ. ಆರು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಅವನು ಆ ಅಪರಿಚಿತಳ ಮುಂದೆ, ಅವಳ ಗಂಡನ ಗೊರಕೆಗಿಂತ ಮೆಲ್ಲಗಿನ ದನಿಯಲ್ಲಿ ಹೇಳಿದ. ಜಾರಿ ಬಿದ್ದವನ ವಿಷಯ, ಹೊಟ್ಟೆಯ ವಿಷಯ, ಸೋಮವಾರ ಗುರುತು ದಾಟಿ ನಿಂತ ಗಾಡಿಯ ವಿಷಯ. 

“ಹಾಗಿದ್ರೆ ನೀವು ಗಾಡಿ ಓಡಿಸಬಾರದು,” ಎಂದಳು ಕೊನೆಗೆ. “ಅದರಲ್ಲಿ ನನ್ನಂಥೋರು ಸಾವಿರ ಜನ ಇರ್ತಾರೆ. ಮನೇಲಿ ಹೇಳಿ. ನಿಮ್ಮ ಡಾಕ್ಟರಿಗೆ ಹೇಳಿ. ನನಗೆ ಮಾಡೋ ಉಪಕಾರ ಅಂದ್ರೆ ಅದೇ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ನೆಂಟರ ಮನೆಯಲ್ಲಿ ಹಿರಿಯಕ್ಕ ಒಂದು ಮಾತು ಹೇಳಿದರೆ ಹೇಗೋ ಹಾಗಿತ್ತು.

ಆ ಸಂಜೆ ಅವನು ಹೆಂಡತಿಗೆ ಹೇಳಿದ. ಅವಳು ಮೊದಲು ಅತ್ತಳು. ಆಮೇಲೆ, ಔಷಧಿ ಅಂಗಡಿಯಲ್ಲಿ ಕೂತು ಊರಿನವರ ಕಾಯಿಲೆಯೆಲ್ಲ ಕೇಳ್ತೀನಿ, ಪಕ್ಕದಲ್ಲಿ ಮಲಗೋರದ್ದು ಗೊತ್ತಾಗಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೆಳಿಗ್ಗೆ ಜೊತೆಯಲ್ಲಿ ಡಿಪೋಗೆ ಬಂದು, ಡಾಕ್ಟರ ಕೋಣೆಯ ಹೊರಗೆ ಚೀಲ ತೊಡೆಯ ಮೇಲಿಟ್ಟುಕೊಂಡು ಕಾದಳು. ಅವನು ಹೆದರಿದ್ದಂತೆಯೇ ಆಯಿತು. ಗಾಡಿಯಿಂದ ಇಳಿಸಿದರು, ಪಾಳಿಯ ಪಟ್ಟಿ ಬರೆಯಲು ಕೂರಿಸಿದರು. ಗುರುವಾರಕ್ಕೊಮ್ಮೆ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಕಳಿಸಿದರು. ಆ ಡಾಕ್ಟರು ಮೊದಲ ದಿನವೇ, ಇಲ್ಲಿ ತಮಾಷೆ ಮಾಡಬೇಕಾಗಿಲ್ಲ, ಸುಮ್ಮನೆ ಹೇಳಿ ಎಂದರು. ಅದು ಅವನಿಗೆ ಗಾಡಿ ಓಡಿಸುವುದಕ್ಕಿಂತ ಕಷ್ಟವಾಯಿತು.

ಏಳು ವಾರ ಹಾಗೆ ಕಳೆಯಿತು. ಅಷ್ಟರಲ್ಲಿ ಸೀಟಿಯಮ್ಮ ಒಂದು ಸುದ್ದಿ ತಂದಳು. ಬಟ್ಟೆ ಮಡಚುವ ಹನ್ನೊಂದು ಮಂದಿಯೂ ಒಂದು ಕಾಗದಕ್ಕೆ ಸಹಿ ಹಾಕಿ, ಇಬ್ಬರ ಕೆಲಸ ನಮ್ಮಿಂದಾಗದು, ಇಬ್ಬರನ್ನೂ ಕರೆಸಿ ಎಂದು ಮೇಲ್ವಿಚಾರಕನ ಮುಂದೆ ಇಟ್ಟರಂತೆ. ಬಟ್ಟೆಯ ಗುಡ್ಡೆ ಆಗಲೇ ಆಳೆತ್ತರ ಆಗಿತ್ತಂತೆ. ಮೇಲ್ವಿಚಾರಕ ಒಂದು ವಾರ ಎಳೆದಾಡಿ ದೊಡ್ಡಮ್ಮನನ್ನು ತಿಂಗಳು ತುಂಬುವ ಮೊದಲೇ ಕರೆದ. ಕೊಡೆಯವಳನ್ನೂ ಕರೆದ. ಎಂಟೂವರೆಗೆ ಬಂದು ಸಂಜೆ ಅರ್ಧ ಗಂಟೆ ಹೆಚ್ಚು ಇರುವುದೆಂದು ಬರೆಸಿಕೊಂಡ. ಆದರೆ ಹಳೆಯ ಎರಡು ವರ್ಷದ ನೌಕರಿ ಲೆಕ್ಕಕ್ಕಿಲ್ಲ, ಹೊಸಬಳೆಂದು ಸೇರಬೇಕು ಎಂದ. ಅವಳು ಹಾಗೇ ಸೇರಿದಳು. ಅದರಲ್ಲಿ ತನ್ನ ಪಾಲೇನಾದರೂ ಇತ್ತೇ ಎಂದು ಕೇಳಲು ರೇಡಿಯೋಗೆ ಧೈರ್ಯವಾಗಲಿಲ್ಲ, ಸೀಟಿಯಮ್ಮನೂ ಹೇಳಲಿಲ್ಲ.

ಎಂಟನೆಯ ವಾರ ಅವನನ್ನು ಮತ್ತೆ ಗಾಡಿಗೆ ಹತ್ತಿಸಿದರು. ಮೊದಲ ಮೂರು ದಿನ ಇನ್ನೊಬ್ಬ ಚಾಲಕ ಪಕ್ಕದಲ್ಲಿ ನಿಂತಿದ್ದ. ನಾಲ್ಕನೆಯ ದಿನ ಒಬ್ಬನೇ. ನಾಲ್ಕನೆಯ ನಿಲ್ದಾಣಕ್ಕೆ ಬರುವಾಗ ಪ್ಲಾಟ್‌ಫಾರ್ಮು ಅಂಚಿನ ತನಕ ತುಂಬಿ ತುಳುಕುತ್ತಿತ್ತು. ಹೊಟ್ಟೆ ಬಿಗಿಯಿತು. ಡಾಕ್ಟರು ಹೇಳಿಕೊಟ್ಟಂತೆ ಉಸಿರು ಎಣಿಸಿ, ಗುರುತಿಗೆ ಸರಿಯಾಗಿ ಗಾಡಿ ನಿಲ್ಲಿಸಿ, ಬಾಗಿಲು ತೆರೆದ. ಆಮೇಲೆ ಮೈಕು ಕೈಗೆತ್ತಿಕೊಂಡ.

“ನಮಸ್ಕಾರ. ಬಹಳ ದಿನ ಆಯ್ತು. ಒಂದು ವಿಷಯ ಹೇಳ್ತೀನಿ. ಈ ಗಾಡಿ ಓಡಿಸೋನು ಭಾರಿ ಪುಕ್ಕಲು. ನೀವು ಹಳದಿ ಗೆರೆ ಮೇಲೆ ನಿಂತಿದ್ರೆ ಇಲ್ಲಿ ನನಗೆ ಜೀವ ಬಾಯಿಗೆ ಬರುತ್ತೆ. ನನ್ನ ಮೇಲೆ ದಯೆ ಇಟ್ಟು ಎರಡು ಹೆಜ್ಜೆ ಹಿಂದೆ ಹೋಗಿ.”

ಗಾಡಿಯಲ್ಲಿದ್ದವರೂ ಹೊರಗಿದ್ದವರೂ ಜೋರಾಗಿ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಅವನು ನಗಲಿಲ್ಲ. ಕಿಟಕಿಯಿಂದ ಕತ್ತು ಹೊರಹಾಕಿ ಉದ್ದಕ್ಕೂ ನೋಡಿದ. ಜನ ನಗುತ್ತಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ಒಬ್ಬ ಮುದುಕ ಮಾತ್ರ ಕೋಲೂರಿಕೊಂಡು ನಿಧಾನಕ್ಕೆ ಬಾಗಿಲ ಕಡೆ ಬರುತ್ತಿದ್ದ. ರೇಡಿಯೋ ಬಾಗಿಲು ಮುಚ್ಚದೆ ಕಾದ. ತಡ ಯಾಕೆ ಎಂದು ಕಂಟ್ರೋಲಿನವರು ಕೇಳಿದರು. ಒಬ್ಬರು ಹತ್ತುತ್ತಿದ್ದಾರೆ ಎಂದ.